ಗೋಣಿಯ ಮೇಲಿಂದ ಹೋದ ಕುಪ್ಪಿ

ಪೋರ್ಟ್ ಹಾಕಿನ್ಸ್, ಮೇನ್
6 ಏಪ್ರಿಲ್ 1986

ಅಮ್ಮಾ,

ಟಟ್ಲ್ ಅವರ ಹೊಲದ ಹಿಂದಿನ ಕೊರಕಲಿನಲ್ಲಿ ನಮಗೆ ಸಿಕ್ಕಿದ್ದ ನೀಲಿ ಮಸಿಕುಪ್ಪಿಯನ್ನು ಗ್ಲೆನ್ನಾ ಕದಿಯಲಿಲ್ಲ. ನಾನು ಕದ್ದೆ.

ಇಷ್ಟು ಬರೆಯಲು ಒಂದೂವರೆ ವರ್ಷ ಬೇಕಾಯಿತು. ಬರೆದ ಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಈ ಮೀನಿನ ಕಾರ್ಖಾನೆ ಸೇರಿದ ಮೇಲೆ ಎಷ್ಟು ತೊಳೆದರೂ ಮೀನಿನ ವಾಸನೆ ಹೋಗುವುದಿಲ್ಲ, ಆದರೂ ತೊಳೆದೆ.

ಆ ದಿನ ನಿನಗೆ ನೆನಪಿರುತ್ತದೆ. ಅಕ್ಟೋಬರ್ ತಿಂಗಳ ಭಾನುವಾರ. ನೀನು, ನಾನು, ಗ್ಲೆನ್ನಾ. ಅವಳು ನಮ್ಮ ಜೊತೆ ಅಗೆಯಲು ಬಂದದ್ದು ಅದು ಮೂರನೆಯ ಸಲ. ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವಳು, ನಾನೇ ಕರೆದುಕೊಂಡು ಬಂದಿದ್ದೆ. ಟಟ್ಲ್ ಮನೆಯ ಹಿಂದಿನ ತಲೆಮಾರಿನವರು ನೂರು ವರ್ಷ ಕಸ ಸುರಿದಿದ್ದ ಜಾಗ. ಮೇಲೆ ತುಕ್ಕು ಹಿಡಿದ ಡಬ್ಬಿ, ಕೆಳಗೆ ಒಲೆಯ ಬೂದಿ, ಬೂದಿಯೊಳಗೆ ಗಾಜು. ಎದೆಮಟ್ಟ ಇಳಿದಾಗ ನೀನು "ಸಲಿಕೆ ಬಿಡ್ರೇ, ಸಾಕು" ಅಂದೆ. ನೀನೇ ಬೆರಳಲ್ಲಿ ಬೂದಿ ಕೆದರಿ ಕುಪ್ಪಿಯನ್ನು ತೆಗೆದೆ. ಕೋಳಿಮೊಟ್ಟೆಯಷ್ಟೇ ಗಾತ್ರ, ಅರೆಬಿಚ್ಚಿದ ಕೊಡೆಯ ಹಾಗೆ ಎಂಟು ಮುಖ, ಕಡು ನೀಲಿ. ಎಂಟು ವರ್ಷ ಅಗೆದರೂ ಅಂಥದ್ದು ನಮಗೆ ಒಂದೂ ಸಿಕ್ಕಿರಲಿಲ್ಲ. ನೀನು ಅದನ್ನು ಎಂಜಲು ಹಚ್ಚಿ ಒರೆಸಿ ಗೋಣಿಯ ಮೇಲೆ ಇಟ್ಟೆ.

ಗುಂಡಿಯಿಂದ ಬಂದದ್ದೆಲ್ಲ ಮೊದಲು ಗೋಣಿಯ ಮೇಲೆ. ಹೊಲದವರಿಂದ ಅಪ್ಪಣೆ ತಂದವರಿಗೆ ಮೊದಲ ಸರದಿ, ಆಮೇಲೆ ಒಬ್ಬೊಬ್ಬರು ಒಂದೊಂದು. ಗೋಣಿಯ ಮೇಲೆ ಇಡದೆ ಜೇಬಿಗೆ ಹಾಕಿಕೊಂಡವರ ಜೊತೆ ಮತ್ತೆ ಅಗೆಯಬಾರದು. ಇದು ನಿನ್ನದೇ ಕಟ್ಟಳೆ. ಆ ದಿನ ಮೊದಲ ಸರದಿ ನಿನ್ನದು, ಕೊನೆಯದು ಗ್ಲೆನ್ನಾಳದು. ಅವಳು ಥರ್ಮಾಸ್ ತರಲು ಪಿಕಪ್ ಹತ್ತಿರ ಹೋದಳು. ನೀನು ಗುಂಡಿಯೊಳಗೆ ಬೆನ್ನು ಹಾಕಿ ಕೂತಿದ್ದೆ. ನಾನು ಕುಪ್ಪಿಯನ್ನು ಬಲಗಾಲಿನ ರಬ್ಬರ್ ಬೂಟಿನೊಳಗೆ ಇಳಿಬಿಟ್ಟೆ.

ಆಮೇಲೆ ನೀನು ಗೋಣಿಯನ್ನು ನಾಲ್ಕು ಸಲ ಕೊಡವಿದೆ. ತೆಗೆದ ಮಣ್ಣನ್ನೆಲ್ಲ ಇನ್ನೊಮ್ಮೆ ಜರಡಿ ಹಿಡಿದೆ. ನಾನು ಕುಂಟುತ್ತಿದ್ದೆ. "ಕಾಲಿಗೇನಾಯ್ತೇ?" ಅಂತ ನೀನು ಕೇಳಿದೆ. "ಕಲ್ಲು ಹೊಕ್ಕಿದೆ" ಅಂತ ನಾನಂದೆ. ಗುಂಡಿ ಮುಚ್ಚುವ ಮೊದಲು ನೀನು ಎಂದಿನ ಹಾಗೆ ಚೀಟಿ ಬರೆದೆ. ತಾರೀಖು, ಅಗೆದ ಮೂವರ ಹೆಸರು. ಮುಂದೆ ಯಾರಾದರೂ ಅಗೆದರೆ ಇಲ್ಲಿ ಆಗಲೇ ಅಗೆದಾಗಿದೆ ಅಂತ ಗೊತ್ತಾಗಲಿ ಅಂತ ಅದನ್ನು ಖಾಲಿ ಸೋಡಾ ಬಾಟಲಿಗೆ ಹಾಕಿ ತಳದಲ್ಲಿ ಇಟ್ಟೆ. ಬರೆಯುವಾಗ ಗ್ಲೆನ್ನಾಳ ಹೆಸರಿನ ಹತ್ತಿರ ನಿನ್ನ ಪೆನ್ಸಿಲ್ ನಿಂತಿತು. ಆದರೂ ಬರೆದೆ. ಚೀಟಿಯಲ್ಲಿ ಸುಳ್ಳಿರಬಾರದು ಅನ್ನುವವಳು ನೀನು.

ನಮ್ಮ ಕಡೆ ಯಾರನ್ನೂ ಕಳ್ಳಿ ಅನ್ನುವುದಿಲ್ಲ. ಕರೆಯುವುದನ್ನು ನಿಲ್ಲಿಸುತ್ತಾರೆ, ಅಷ್ಟೆ. ನೀನು ಅವಳನ್ನು ಮತ್ತೆ ಕರೆಯಲಿಲ್ಲ. ನಾನು ಸುಮ್ಮನಿದ್ದೆ. ಶಾಲೆ ಬಿಟ್ಟೆ, ಎರಡು ಕೆಲಸ ಹಿಡಿದು ಎರಡನ್ನೂ ಬಿಟ್ಟೆ, ಹೋದ ಡಿಸೆಂಬರಿನಲ್ಲಿ ಮನೆಯನ್ನೂ ಬಿಟ್ಟೆ.

ಕುಪ್ಪಿ ನನ್ನ ಹತ್ತಿರವೇ ಇದೆ. ಉಣ್ಣೆಯ ಕಾಲುಚೀಲದಲ್ಲಿ ಸುತ್ತಿಟ್ಟಿದ್ದೇನೆ. ಅಂಚೆಯಲ್ಲಿ ಕಳಿಸಲು ಭಯ, ಒಡೆಯುತ್ತದೆ.

ಕೊರಿನ್


ಕಾರ್ವರ್ ಹಾಲೋ, ವರ್ಮಾಂಟ್
20 ಏಪ್ರಿಲ್

ಕೊರಿನ್,

ಪತ್ರ ಬಂತು. ಮೂರು ಸಲ ಓದಿದೆ. ಕೋಳಿಗಳಿಗೆ ನೀರಿಡೋದು ಮರೆತೆ.

ಮಾರನೇ ದಿನ ಆಪಲ್ ಪೈ ಮಾಡ್ಕೊಂಡು ದನದ ಮೇವಿನ ಅಂಗಡಿಗೆ ಹೋದೆ. ಗ್ಲೆನ್ನಾ ಅಲ್ಲೇ ಕೆಲಸ ಮಾಡ್ತಾಳೆ. ಒಂದೂವರೆ ವರ್ಷ ನನ್ನ ಕೋಳಿಮೇವಿನ ಚೀಲ ಪಿಕಪ್‌ಗೆ ಹೊತ್ತು ಹಾಕಿದಾಳೆ, ನಾನು ಅವಳ ಮುಖ ನೋಡದೆ ಗಾಡಿ ಹತ್ತಿದೀನಿ. ಪೈ ಮೇಜಿನ ಮೇಲಿಟ್ಟೆ. "ನೀನು ಅದನ್ನ ತಗೊಂಡಿರ್ಲಿಲ್ಲ" ಅಂದೆ. ಅವಳು, "ಅದು ನಂಗೆ ಮೊದ್ಲಿಂದ ಗೊತ್ತು ಮಿಸೆಸ್ ಪೆಲ್ಕಿ. ನಿಮಗೆ ಯಾವಾಗ ಗೊತ್ತಾಯ್ತು?" ಅಂದ್ಳು. ನಿನ್ನೆ ಅಂದೆ. "ಪೈಗೆ ದಾಲ್ಚಿನ್ನಿ ಹಾಕಿದೀರಾ?" ಅಂದ್ಳು. ಹಾಕಿದೀನಿ ಅಂದೆ. ಅಷ್ಟೇ ಮಾತು. ಚೀಲ ಈ ಸಲ ನಾನೇ ಹೊತ್ತೆ.

ರಸ್ತೆ ತುಂಬಾ ಕೆಸರು. ನೆಲ ಇನ್ನೂ ಒಂದಡಿ ಕೆಳಗೆ ಹೆಪ್ಪುಗಟ್ಟಿದೆ.

ನೀನು ಹೇಗೆ ಕದ್ದೆ ಅನ್ನೋದನ್ನೆಲ್ಲ ಬರೆದಿದೀಯ. ಬೂಟು ಎಡಗಾಲೋ ಬಲಗಾಲೋ ಅನ್ನೋದನ್ನೂ ಬರೆದಿದೀಯ. ಯಾಕೆ ಅಂತ ಮಾತ್ರ ಬರೆದಿಲ್ಲ.

ಅಮ್ಮ


ಪೋರ್ಟ್ ಹಾಕಿನ್ಸ್
11 ಮೇ

ಅಮ್ಮಾ,

ಇವತ್ತು ತಾಯಂದಿರ ದಿನ. ಇಲ್ಲಿನ ಹೆಂಗಸರು ಬೆಳಿಗ್ಗೆಯಿಂದ ಫೋನಿನ ಮುಂದೆ ಸಾಲು ನಿಂತಿದ್ದಾರೆ. ನೀನೂ ನಾನೂ ಫೋನಿನಲ್ಲಿ ಮಾತಾಡುವವರಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನೀನು ಬೈಯುತ್ತೀಯ ಅಂದುಕೊಂಡಿದ್ದೆ. ಬೈಗುಳಕ್ಕೆ ತಯಾರಾಗಿಯೇ ಲಕೋಟೆ ಒಡೆದೆ. ಒಳಗೆ ಗ್ಲೆನ್ನಾಳಿಗೆ ಕೊಟ್ಟ ಪೈಯ ಮಾತಿತ್ತು. ನಾನು ಹೊರಟ ದಿನ ನೀನು ನನಗೆ ಒಣ ಬ್ರೆಡ್ಡಿನ ನಡುವೆ ಹಂದಿಮಾಂಸ ಇಟ್ಟು ಕೊಟ್ಟಿದ್ದೆ. ದೂರಬೇಕೆಂದು ಹೇಳುತ್ತಿಲ್ಲ. ನೆನಪಾಯಿತು, ಬರೆದೆ.

ಕಾರ್ಖಾನೆಯಲ್ಲಿ ಕೆಲಸದ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವವಳು ಬ್ಯೂಲಾ ಅಂತ ಮುದುಕಿ. ನಲವತ್ತು ವರ್ಷದಿಂದ ಕತ್ತರಿಯಲ್ಲಿ ಸಾರ್ಡೀನ್ ಮೀನಿನ ತಲೆ ಕತ್ತರಿಸಿ ಡಬ್ಬಿಗೆ ತುಂಬುತ್ತಿದ್ದಾಳೆ. ನಿನ್ನ ಪತ್ರ ಓದುವಾಗ ನನ್ನ ಮುಖ ನೋಡಿ, "ಮನೆಯಿಂದ ಬಂದ ಪತ್ರನೋ, ಪೊಲೀಸರಿಂದ ಬಂದದ್ದೋ?" ಅಂದಳು.

ಯಾಕೆ ಕದ್ದೆ ಅಂತ ಕೇಳಿದ್ದೀಯ. ಅದು ಚೆನ್ನಾಗಿತ್ತು, ನನಗೆ ಬೇಕಿತ್ತು.

ಇದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಸದ್ಯಕ್ಕೆ ಇಷ್ಟೇ.

ಇಲ್ಲಿ ನಾನಿರುವ ಮನೆಯ ಹಿಂದೆ ಸಮುದ್ರದ ಕಡೆಗೆ ಇಳಿಜಾರಿದೆ. ಹಳೇ ಕಸ ಬಿದ್ದಿರುವ ಜಾಗ ಅಂತ ಹುಲ್ಲು ನೋಡಿದರೇ ಗೊತ್ತಾಗುತ್ತದೆ. ಹೋದ ಭಾನುವಾರ ಒಬ್ಬಳೇ ಅಗೆದೆ. ಒಬ್ಬಳೇ ಗುಂಡಿಗೆ ಇಳಿಯಬಾರದು ಅಂತ ನೀನು ಹೇಳಿದ್ದು ಗೊತ್ತು. ಸೊಂಟದಷ್ಟೇ ಅಗೆದೆ. ಮೂರು ಔಷಧಿ ಬಾಟಲಿ, ಒಂದು ಉಪ್ಪಿನಕಾಯಿ ಜಾಡಿ ಸಿಕ್ಕವು, ಜಾಡಿಯ ಬಾಯಿ ಮುರಿದಿತ್ತು. ಗೋಣಿ ಹಾಸಿ ಎಲ್ಲವನ್ನೂ ಇಟ್ಟೆ. ಮೊದಲ ಸರದಿ ನನ್ನದು. ಎರಡನೆಯದೂ ನನ್ನದೇ. ಹಾಗೇ ಬಿಟ್ಟು ಬಂದೆ.

ಕೊರಿನ್


ಕಾರ್ವರ್ ಹಾಲೋ
22 ಜೂನ್

ಕೊರಿನ್,

ಹೇಜನ್ ಒಪ್ಪಿದ. ಕೂತ್ಕೊಂಡು ಓದು.

ಎಂಟು ವರ್ಷ ಆ ಮುದುಕನ ಬಾಗಿಲು ತಟ್ಟಿದ್ದು ನೆನಪಿದೆಯಲ್ಲ. "ನಮ್ಮಜ್ಜಿ ಎಸೆದ ಕಸದಲ್ಲಿ ನಿಮಗೇನು ಕೆಲಸ" ಅಂತ ಪ್ರತಿ ಸಲವೂ ಮುಖದ ಮೇಲೆ ಬಾಗಿಲು ಹಾಕ್ತಿದ್ದ. ಗ್ಲೆನ್ನಾ ಚಳಿಗಾಲ ಪೂರ್ತಿ ಅವನ ಕೊಟ್ಟಿಗೆವರೆಗೆ ಮೇವು ಹೊತ್ತು ಹಾಕಿದಾಳೆ. ಹೋದ ವಾರ ಅವಳೇ ಕೇಳಿದ್ಳಂತೆ. ಅವನು, "ಅಗೀರಿ. ಸಿಕ್ಕಿದ್ದು ನೀವೇ ಇಟ್ಕೊಳ್ಳಿ. ಆದ್ರೆ ಅಜ್ಜಿ ಕುಡೀತಿದ್ಳು ಅಂತ ಊರಲ್ಲಿ ಹೇಳ್ಕೊಂಡು ತಿರುಗ್ಬೇಡಿ" ಅಂದನಂತೆ.

ಆಗ ಅರ್ಥ ಆಗ್ಲಿಲ್ಲ, ಈಗ ಆಯ್ತು. ಮೇಲಿನ ಒಂದಡಿಯಲ್ಲೇ ಹದಿನಾಲ್ಕು ಬಾಟಲಿ 'ಹೆಂಗಸರ ಬಲವರ್ಧಕ'. ಅದರಲ್ಲಿ ಅರ್ಧಕ್ಕರ್ಧ ಸಾರಾಯಿ ಇರ್ತಿತ್ತು ಅಂತ ನಿಂಗೆ ಗೊತ್ತು. ಅದೇ ಅಜ್ಜಿ ಚರ್ಚಿನಲ್ಲಿ ಮದ್ಯಪಾನ ವಿರೋಧಿ ಸಂಘದ ಅಧ್ಯಕ್ಷೆ ಆಗಿದ್ಳು. ಗ್ಲೆನ್ನಾ ನಕ್ಕು ನಕ್ಕು ಗುಂಡಿಯೊಳಗೆ ಕೂತುಬಿಟ್ಳು.

ಪ್ರತಿ ಭಾನುವಾರ ಇಬ್ಬರೂ ಹೋಗ್ತೀವಿ. ಕರಿನೊಣ ಕಿವಿಯೊಳಗೆ ನುಗ್ತವೆ. ಸಲಾಕೆ ಅವಳ ಕೈಗೆ ಕೊಟ್ಟಿದೀನಿ. ನೆಲಕ್ಕೆ ಚುಚ್ಚಿ ಕಣ್ಣು ಮುಚ್ಕೊಂಡು ನಿಲ್ತಾಳೆ, ಬೂದಿ ಎಲ್ಲಿ, ಬೇರು ಎಲ್ಲಿ, ಗಾಜು ಎಲ್ಲಿ ಅಂತ ಕೈಯಲ್ಲೇ ಹೇಳ್ತಾಳೆ. ಇನ್ನೂ ಒಂದನ್ನೂ ಒಡೆದಿಲ್ಲ. 'ಮಿಸೆಸ್ ಪೆಲ್ಕಿ' ಅನ್ಬೇಡ, 'ಇಡಾ' ಅನ್ನು ಅಂದೆ.

ಹೋದ ಭಾನುವಾರ ಒಂದು ತಿಳಿಹಸಿರು ಬಾಟಲಿ ಎತ್ತಿ ತಳ ತಿರುಗಿಸಿ, "ಇಡಾ, ಹೊಕ್ಕಳು! ಹೊಕ್ಕಳಿದೆ!" ಅಂತ ಕಿರುಚಿದ್ಳು. ಹೇಜನ್ ಗಾಬರಿಯಾಗಿ ಮನೆಯಿಂದ ಓಡಿ ಬಂದ.

ನಿಂಗೆ ಸೊಳ್ಳೆ ಪರದೆ ಬೇಕಾ? ಕಳಿಸ್ತೀನಿ.

ಅಮ್ಮ


ಪೋರ್ಟ್ ಹಾಕಿನ್ಸ್
29 ಜೂನ್

ಅಮ್ಮಾ,

ಸೊಳ್ಳೆ ಪರದೆ ಬೇಡ.

ಹೇಜನ್ ಜಾಗ ನನ್ನದು ಅಂತ ಹೇಳಿದ್ದೆ ನೀನು. ಆಗ ನನಗೆ ಹತ್ತು ವರ್ಷ. ಕಲ್ಲುಗೋಡೆಯ ಮೇಲೆ ಕೂತು ಲೈಲಾಕ್ ಗಿಡಗಳ ಆಚೆ ಕೈ ತೋರಿಸಿ, "ಆ ಮುದುಕ ಒಪ್ಪಿದ ದಿನ ನಾವಿಬ್ಬರೂ ಅಗೆಯೋಣ. ಮೊದಲ ಸಲಿಕೆ ನಿಂದು" ಅಂದಿದ್ದೆ. ಆ ಮಾತು ನೀನು ಮರೆತಿರಬಹುದು. ನಾನು ಶಾಲೆಯಲ್ಲಿ ಕಲಿತದ್ದನ್ನೆಲ್ಲ ಮರೆತಿದ್ದೇನೆ, ಅದೊಂದನ್ನು ಮರೆತಿಲ್ಲ. ಆ ಸಲಾಕೆಯ ಹಿಡಿಯನ್ನು ಮೇಪಲ್ ಮರದಲ್ಲಿ ಕೆತ್ತಿದವಳು ನಾನು. ಅದು ನನ್ನ ಅಂಗೈಗೆ ಕೂರುವ ಹಾಗಿದೆ. ಅವಳ ಕೈ ನನಗಿಂತ ದೊಡ್ಡದು.

ಈಗ ಯಾಕೆ ಕದ್ದೆ ಅಂತ ಹೇಳುತ್ತೇನೆ. ಕೇಳು.

ಅಪ್ಪ ಬಿಟ್ಟುಹೋದ ವರ್ಷ ನನಗೆ ಒಂಬತ್ತು. ನೀನು ಮಾತಾಡುವುದನ್ನೇ ನಿಲ್ಲಿಸಿದ್ದೆ. ಹುಲ್ಲು ಬಾಚುವ ಯಂತ್ರದ ಮುರಿದ ಹಲ್ಲನ್ನು ಸಲಾಕೆ ಮಾಡಿಕೊಂಡು ಕಾಡಿನಂಚಿನಲ್ಲಿ ಚುಚ್ಚುತ್ತಾ ತಿರುಗುತ್ತಿದ್ದೆ. ಹುಚ್ಚು ಹಿಡಿದಿದೆ ಅಂತ ಊರವರು ಅಂದರು. ನಾನು ಹಿಂದೆ ಹಿಂದೆ ಬರುತ್ತಿದ್ದೆ. ಒಂದು ದಿನ ನಮಗೆ ಮೊದಲ ಹಳೇ ಬಾಟಲಿ ಸಿಕ್ಕಿತು. ಅದರ ತಳದಲ್ಲಿ ಒರಟು ಗಾಯದ ಗುರುತು. ಗಾಜು ಊದುವವನು ಬಾಟಲಿಯನ್ನು ಕಬ್ಬಿಣದ ಕೋಲಿನಿಂದ ಮುರಿದು ಬಿಡಿಸಿದ ಜಾಗ ಅದು ಅಂತ ನೀನು ಹೇಳಿಕೊಟ್ಟೆ. ನಾನು ಅಂಗಿ ಎತ್ತಿ ನನ್ನ ಹೊಟ್ಟೆ ನೋಡಿಕೊಂಡು, "ಅಮ್ಮಾ, ಇದಕ್ಕೂ ಹೊಕ್ಕಳಿದೆ" ಅಂದೆ. ನೀನು ನಕ್ಕೆ. ಅಪ್ಪ ಹೋದಮೇಲೆ ನೀನು ನಕ್ಕದ್ದು ಅದೇ ಮೊದಲು. ಬೇರೆ ಅಗೆಯುವವರು ಅದಕ್ಕೆ ಬೇರೇನೋ ಹೆಸರು ಹೇಳುತ್ತಾರೆ. ನಮ್ಮಿಬ್ಬರಿಗೆ ಅದು ಹೊಕ್ಕಳು. ಸಂತೆಯಲ್ಲಿ ಬಾಟಲಿ ಮಾರುವವರ ಮುಂದೆ ಕೂಡ ನಾವು ಅದನ್ನು ಜೋರಾಗಿ ಅನ್ನುತ್ತಿರಲಿಲ್ಲ.

ಟಟ್ಲ್ ಕೊರಕಲಿನಲ್ಲಿ ನೀನು ಆ ನೀಲಿ ಕುಪ್ಪಿ ತೆಗೆದು ಮೊದಲು ಕೊಟ್ಟದ್ದು ಗ್ಲೆನ್ನಾಳ ಕೈಗೆ. ಅವಳ ಹೆಬ್ಬೆರಳನ್ನು ಹಿಡಿದು ತಳದ ಮೇಲೆ ಇಟ್ಟೆ. "ಇದಕ್ಕೆ ನಾವು ಹೊಕ್ಕಳು ಅಂತೀವಿ" ಅಂದೆ. 'ನಾವು' ಅಂದೆ ನೀನು. ನಾನು ಅಲ್ಲೇ ನಿಂತಿದ್ದೆ.

ಅದಕ್ಕೇ ಕದ್ದೆ. ಹೊಟ್ಟೆಕಿಚ್ಚಿಗೆ. ಕುಪ್ಪಿ ಬೇಕಾಗಿರಲಿಲ್ಲ, ಅವಳು ಹೋಗುವುದು ಬೇಕಾಗಿತ್ತು. ಹೋದಳು. ಆಮೇಲೆ ಏನಾಯಿತು ಗೊತ್ತೇ? ಪ್ರತಿ ಗುಂಡಿಯಲ್ಲೂ ನೀನು, "ಗ್ಲೆನ್ನಾ ಇದ್ದಿದ್ರೆ ಈ ಜಾಗ ಯಾವಾಗ್ಲೋ ಹುಡುಕಿರ್ತಿದ್ಳು" ಅನ್ನತೊಡಗಿದೆ. ನನ್ನ ಮಂಚದ ಕೆಳಗೆ ಕುಪ್ಪಿ, ಎದುರಿಗೆ ಅವಳ ಹೊಗಳಿಕೆ. ಅದಕ್ಕೇ ಓಡಿಬಂದೆ.

ನಿಜ ಹೇಳಿದರೆ ಹಗುರವಾಗುತ್ತದೆ ಅನ್ನುತ್ತಾರೆ. ನಾನು ನಿಜ ಹೇಳಿ ನಿನ್ನನ್ನು ಅವಳಿಗೆ ಒಪ್ಪಿಸಿಬಿಟ್ಟೆ. ನನ್ನ ಸಲಾಕೆ, ನನ್ನ ಹೇಜನ್ ಜಾಗ, ನನ್ನ ಮಾತು ಎಲ್ಲ ಅವಳದಾಯಿತು. ಈಗ ಇಡಾ ಅಂತ ಬೇರೆ ಕರೆಯುತ್ತಾಳೆ.

ನನಗಾಗಿ ಕಾಯಬೇಡ. ಅಗೆಯಿರಿ.

ಕೊರಿನ್


ಕಾರ್ವರ್ ಹಾಲೋ
17 ಆಗಸ್ಟ್

ಕೋರಿ,

ಇದು ಗ್ಲೆನ್ನಾ. ಹರಿದು ಎಸೀಬೇಡ, ಇನ್ನೊಂದು ಬರೆಯೋ ತಾಳ್ಮೆ ನಂಗಿಲ್ಲ.

ನಿಮ್ಮಮ್ಮ ಏಳು ವಾರದಿಂದ ನಿಂಗೆ ಪತ್ರ ಬರೀತಾ ಇದ್ದಾರೆ. ಅಡುಗೆಮನೆ ಮೇಜಿನ ಮೇಲೆ 'ಕೊರಿನ್' ಅಂತ ಬರೆದು ಅಲ್ಲಿಗೇ ನಿಲ್ಲಿಸಿದ ಹಾಳೆಗಳ ರಾಶಿ ಇದೆ. ಒಂದರ ಹಿಂದೆ ಕೋಳಿಮೊಟ್ಟೆ ಲೆಕ್ಕ ಬರ್ದಿದಾರೆ. ನಿನ್ನ ಜೂನ್ ಪತ್ರ ನಂಗೆ ಓದೋಕೆ ಕೊಟ್ರು. ಕೊಡಬಾರದಿತ್ತು, ಕೊಟ್ರು. "ಇದಕ್ಕೆ ಏನಂತ ಬರೀಲಿ?" ಅಂತ ಕೇಳಿದ್ರು. ನಂಗೇನು ಗೊತ್ತು?

ನೀನು ಕಳ್ಳಿ, ನಾನು ಒಂದೂವರೆ ವರ್ಷ ಕಳ್ಳಿ ಅನ್ನಿಸ್ಕೊಂಡೋಳು. ಆ ವಿಷಯ ಇನ್ನೊಂದಿನ ಎದುರಿಗೆ ಸಿಕ್ಕಾಗ. ಮೊದಲು ಒಂದು ಏಟು ಕೊಡ್ತೀನಿ, ಆಮೇಲೆ ಮಾತು.

ಆದ್ರೆ ನೀನು ಬರೆದಿದ್ದು ಓದಿ ನಂಗೆ ನಗು ಬಂತು. ನಿನ್ನ ಮುಂದೆ ನನ್ನ ಹೊಗಳ್ತಿದ್ರಾ? ನನ್ನ ಮುಂದೆ ಬಂದು ಕೇಳು ಒಂದ್ಸಲ. "ಕೋರಿ ಬೆರಳಲ್ಲೇ ಬಿಡಿಸಿರ್ತಿದ್ಳು, ನೀನು ಎಮ್ಮೆ ಥರ ಸಲಿಕೆ ಹಾಕ್ತೀಯ." "ಕೋರಿಗೆ ಹನ್ನೊಂದು ವರ್ಷಕ್ಕೇ ಗಾಜಿನ ಬಣ್ಣ ನೋಡಿ ಎಷ್ಟು ಹಳೇದು ಅಂತ ಗೊತ್ತಾಗ್ತಿತ್ತು." "ಕೋರಿ ಹೀಗೆ ಊಟದ ಡಬ್ಬಿ ಗುಂಡಿಯಂಚಲ್ಲಿ ಇಡ್ತಿರ್ಲಿಲ್ಲ." ನನ್ನ ಕಿವಿ ತೂತು ಬಿದ್ದಿದೆ ಮಾರಾಯ್ತಿ. ನಾನು ಸಲಾಕೆ ಇಳಿಸಿ ಸರಿಯಾದ ಜಾಗ ತೋರಿಸಿದ್ರೂ, "ಹಿಡಿ ಸಡಿಲ ಆಗ್ತಿದೆ, ಕೋರಿ ಕೆತ್ತಿದ್ದು, ಗಟ್ಟಿಯಾಗಿ ಒತ್ತಬೇಡ" ಅಂತಾರೆ. ಹೊಟ್ಟೆ ಉರಿಯೋದು ನಿಂಗೊಬ್ಬಳಿಗೇ ಅಂದ್ಕೊಂಡ್ಯಾ?

ಹೊಕ್ಕಳು ಅನ್ನೋದು ನಿಮ್ಮಿಬ್ಬರದ್ದು ಅಂತ ನಂಗೆ ಗೊತ್ತಿರ್ಲಿಲ್ಲ. ಎಲ್ಲಾರೂ ಹಂಗೇ ಅಂತಾರೆ ಅಂದ್ಕೊಂಡಿದ್ದೆ. ಒಂದ್ಸಲ ಬಾಟಲಿ ವ್ಯಾಪಾರಿ ಹತ್ರ "ಹೊಕ್ಕಳಿರೋದು ಇದೆಯಾ?" ಅಂತ ಕೇಳಿದೆ. ಅವನು ನನ್ನ ಮೇಲಿಂದ ಕೆಳಗೆ ನೋಡಿ ಹೆಂಡತೀನ ಕರೆದ. ನಿಮ್ಮಮ್ಮ ಪತ್ರದಲ್ಲಿ ಬರ್ದಿರ್ಲಿಕ್ಕಿಲ್ಲ, ಆ ದಿನ ನಾನು ಹೊಕ್ಕಳು ಅಂತ ಕಿರುಚಿದಾಗ ಅವರು ಗುಂಡಿ ಹತ್ತಿ ಹೋಗಿ ಪಿಕಪ್‌ನಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ರು. ಇಪ್ಪತ್ತು ನಿಮಿಷ. ಬಂದಾಗ ಕಣ್ಣಿಗೆ ಕರಿನೊಣ ಬಿತ್ತು ಅಂದ್ರು. ಎರಡೂ ಕಣ್ಣಿಗೆ.

ನಾನಿನ್ನು ಆ ಮಾತು ಆಡಲ್ಲ. ತಳದ ಗುರುತು ಅಂತೀನಿ.

ಗ್ಲೆನ್ನಾ ಸ್ಟೋ


ಪೋರ್ಟ್ ಹಾಕಿನ್ಸ್
7 ಸೆಪ್ಟೆಂಬರ್

ಗ್ಲೆನ್ನಾ,

ಹರಿದು ಎಸೆಯಲಿಲ್ಲ. ಬ್ಯೂಲಾಗೆ ಓದಿ ಹೇಳಿದೆ. "ಎರಡೂ ಕಣ್ಣಿಗೆ" ಅನ್ನುವಲ್ಲಿ ಅವಳು ಕತ್ತರಿ ಕೆಳಗಿಟ್ಟಳು.

ನಿನಗೆ ಅನ್ಯಾಯ ಮಾಡಿದೆ. ಕ್ಷಮಿಸು ಅಂತ ಬರೆದರೆ ಅದು ಶಾಲೆಯಲ್ಲಿ ಬರೆಸುತ್ತಿದ್ದ ಪತ್ರದ ಹಾಗಾಗುತ್ತದೆ. ಏಟು ಕೊಡುತ್ತೀನಿ ಅಂದಿದ್ದೀಯಲ್ಲ, ಕೊಡು. ತಪ್ಪಿಸಿಕೊಳ್ಳುವುದಿಲ್ಲ.

ಒಳ್ಳೆಯವಳಾಗಿಬಿಟ್ಟೆ ಅಂದುಕೊಳ್ಳಬೇಡ. ನಿನ್ನ ಮೇಲೆ ಹೊಟ್ಟೆಕಿಚ್ಚು ಈಗಲೂ ಇದೆ. ನಿನ್ನೆ ಭಾನುವಾರವಲ್ಲದಿದ್ದರೂ ಮೀನು ಕತ್ತರಿಸುವಾಗ ನೀವಿಬ್ಬರೂ ಗುಂಡಿಯೊಳಗೆ ಒಂದೇ ಥರ್ಮಾಸಿನಿಂದ ಕಾಫಿ ಕುಡಿಯುತ್ತಿರುವುದು ಕಣ್ಣಿಗೆ ಕಟ್ಟಿ ಬೆರಳು ಕತ್ತರಿಸಿಕೊಂಡೆ. ಪಟ್ಟಿ ಸುತ್ತಿದ್ದೇನೆ, ಅಕ್ಷರ ಸೊಟ್ಟಗಿರುವುದು ಅದಕ್ಕೆ. ಅಮ್ಮ ನಿನ್ನ ಹತ್ತಿರ ನನ್ನನ್ನು ಹೊಗಳುತ್ತಾಳೆ ಅಂತ ಓದಿ ಖುಷಿಯಾಯಿತು. ಹೊಗಳುವುದು ನಿನ್ನ ಮುಂದೆ ಕೂತು ಅಂತ ನೆನಪಾಗಿ ಆ ಖುಷಿ ಹೋಯಿತು. ಅವಳು ಎದುರಿಗೆ ಇಲ್ಲದವರನ್ನೇ ಹೊಗಳುವವಳು ಅಂತ ಕಾಣುತ್ತದೆ. ಹಾಗಾದರೆ ಅಪ್ಪನನ್ನು ಯಾಕೆ ಹೊಗಳಲಿಲ್ಲ, ಗೊತ್ತಿಲ್ಲ.

ಸಲಾಕೆಯ ಹಿಡಿ ಸಡಿಲವಾಗಿದ್ದರೆ ಸಣ್ಣ ಮರದ ಬೆಣೆ ಹೊಡೆ. ಮೊಳೆ ಹೊಡೆಯಬೇಡ, ಸೀಳುತ್ತದೆ.

ಹೇಜನ್ ಗುಂಡಿಯಲ್ಲಿ ಬೂದಿ ಬಂತೇ? ಎಷ್ಟು ಆಳದಲ್ಲಿ? ಬಿಳಿ ಬೂದಿಯೋ ಕರಿಯದೋ?

ಮತ್ತೆ, ತಳದ ಗುರುತು ಅನ್ನಬೇಡ. ಕೇಳಲು ಪೊಲೀಸ್ ಠಾಣೆಯ ಮಾತಿನ ಹಾಗಿದೆ. ಹೊಕ್ಕಳು ಅನ್ನು. ಇಷ್ಟು ಬರೆಯುವಷ್ಟರಲ್ಲಿ ನನಗೆ ಸಾಕಾಗಿದೆ, ಅದಕ್ಕೇ ನಿಲ್ಲಿಸುತ್ತೇನೆ.

ಕೊರಿನ್


ಕಾರ್ವರ್ ಹಾಲೋ
2 ನವೆಂಬರ್

ಕೊರಿನ್,

ಬಹಳ ದಿನವಾಯ್ತು. ಜೂನ್ ಪತ್ರಕ್ಕೆ ಉತ್ತರ ಬರೆಯೋಕೆ ನಂಗೆ ಬರಲ್ಲ. ನೀನು ಬರೆದಿದ್ದು ಎಲ್ಲಾ ಹೌದು. ಅವಳ ಹೆಬ್ಬೆರಳು ಹಿಡಿದಿದ್ದೂ ಹೌದು. ನಾನು ನಿನ್ನ ಕಡೆ ನೋಡಿದೆ, ನೀನೂ ನಗ್ತೀಯ ಅಂತ. ನೀನು ಬೂಟು ನೋಡ್ಕೊಳ್ತಿದ್ದೆ.

ಹೇಜನ್ ಗುಂಡಿ ಆರಡಿ ಆಗಿದೆ. ಬಿಳಿ ಬೂದಿ, ಹಳೇ ಕಾಲದ ಸೌದೆದು. ಹೊಕ್ಕಳಿರೋ ಬಾಟಲಿ ಒಂಬತ್ತು ಬಂದಿದೆ. ಯಾವುದನ್ನೂ ಹಂಚ್ಕೊಂಡಿಲ್ಲ, ಎಲ್ಲಾ ನಮ್ಮ ಕೊಟ್ಟಿಗೆಯಲ್ಲಿ ಗೋಣಿ ಮೇಲೆ ಹಾಗೇ ಇದೆ.

ಹದಿನೈದಕ್ಕೆ ಜಿಂಕೆ ಬೇಟೆ ಶುರು. ಬೇಟೆಯವರು ಗುಂಡಿಗೆ ಬಿದ್ದು ಕಾಲು ಮುರ್ಕೊಂಡ್ರೆ ನನ್ನ ತಲೆಗೆ ಬರುತ್ತೆ ಅಂತ ಹೇಜನ್ ದಿನಾ ಬಂದು ಗೊಣಗ್ತಾನೆ. ಹದಿನಾಲ್ಕು ಶುಕ್ರವಾರ ಮುಚ್ಚಿಬಿಡ್ತೀವಿ. ಅದಾದ್ಮೇಲೆ ನೆಲ ಹೆಪ್ಪುಗಟ್ಟುತ್ತೆ, ಮುಂದಿನ ವರ್ಷ ಅವನು ಒಪ್ತಾನೋ ಇಲ್ವೋ.

ಲೈಲಾಕ್ ಕಡೆ ಮೂಲೆ ಎರಡಡಿಯಷ್ಟು ಅಗೆಯದೆ ಉಳಿದಿದೆ. ಅಷ್ಟು ಹೊತ್ತು ಸಿಗ್ಲಿಲ್ಲ.

ಚೀಟಿ ಬರೆದಿಟ್ಟಿದೀನಿ. ಮೂರು ಹೆಸರು.

ಅಮ್ಮ

ಕೋರಿ, ಇದನ್ನ ಅಂಚೆಗೆ ಹಾಕೋಕೆ ನನ್ನ ಕೈಗೆ ಕೊಟ್ಟಿದಾರೆ, ಅಂಟಿಸಿರ್ಲಿಲ್ಲ, ಓದಿದೆ. ಹೊತ್ತು ಸಿಗ್ಲಿಲ್ಲ ಅನ್ನೋದು ಸುಳ್ಳು. ಬೇಕಾದಷ್ಟು ಸಿಕ್ಕಿತ್ತು. ಸೆಪ್ಟೆಂಬರಲ್ಲೇ ನಾನು ಆ ಮೂಲೆಗೆ ಸಲಾಕೆ ಚುಚ್ಚಿದೆ, ತುಂಬಾ ಗಾಜಿದೆ. ಸಲಿಕೆ ಎತ್ತಿದೆ. "ಮುಟ್ಬೇಡ" ಅಂದ್ರು. ಯಾಕೆ ಅಂದೆ. "ಅದು ಯಾರದ್ದೋ" ಅಂದ್ರು. — ಗ್ಲೆ.


ಪೋರ್ಟ್ ಹಾಕಿನ್ಸ್
9 ನವೆಂಬರ್

ಅಮ್ಮಾ,

ಆ ಚೀಟಿಯಿಂದ ನನ್ನ ಹೆಸರು ಹೊಡೆದುಹಾಕು.

ಸಿಟ್ಟಿನಿಂದ ಹೇಳುತ್ತಿಲ್ಲ. ಟಟ್ಲ್ ಗುಂಡಿಯ ಚೀಟಿಯಲ್ಲಿ ನನ್ನ ಹೆಸರಿದೆ, ಇರಲಿ. ಕದ್ದರೂ ಅಲ್ಲಿ ಅಗೆದಿದ್ದೇನೆ. ಹೇಜನ್ ಗುಂಡಿಯಿಂದ ನಾನು ಒಂದು ಹಿಡಿ ಮಣ್ಣು ತೆಗೆದಿಲ್ಲ. ನೂರು ವರ್ಷ ಕಳೆದು ಯಾರೋ ಅಗೆದು ಆ ಸೋಡಾ ಬಾಟಲಿ ಒಡೆದು ಓದುತ್ತಾರೆ, ಮೂವರು ಅಗೆದರು ಅಂದುಕೊಳ್ಳುತ್ತಾರೆ. ಅದು ಸುಳ್ಳು. ಚೀಟಿಯಲ್ಲಿ ಸುಳ್ಳಿರಬಾರದು ಅಂತ ಹೇಳಿಕೊಟ್ಟವಳು ನೀನೇ, ಈಗ ಬರೆಯುತ್ತಿರುವವಳೂ ನೀನೇ. ಗ್ಲೆನ್ನಾ ಎರಡನೆಯ ಸುಳ್ಳನ್ನೂ ಹಿಡಿದುಕೊಟ್ಟಿದ್ದಾಳೆ. ನಮ್ಮ ಮನೆಯಲ್ಲಿ ಇನ್ನು ಏನೂ ಮುಚ್ಚಿಡಲು ಆಗುವುದಿಲ್ಲ.

ನಿನ್ನ ಪತ್ರ ಗುರುವಾರ ಬಂತು. ಆವತ್ತಿನಿಂದ ನಿದ್ದೆ ಸರಿಯಾಗಿಲ್ಲ. ನೀನು ನನ್ನ ಕಡೆ ನೋಡಿದ್ದೆ ಅನ್ನುವುದನ್ನು ಎಷ್ಟು ಸಲ ಓದಿದೆನೋ. ಆ ಹೊತ್ತಿನಲ್ಲಿ ತಲೆ ಎತ್ತಿದ್ದರೆ ಸಾಕಿತ್ತು. ನಾನು ಎತ್ತಲಿಲ್ಲ, ನೀನು ಕೂಗಲಿಲ್ಲ.

ಹೆಸರು ಹೊಡೆಯಲು ನಿನಗೆ ಮನಸ್ಸಿಲ್ಲ ಅಂತಾದರೆ ಅದನ್ನು ನಿಜ ಮಾಡಲು ಇರುವುದು ಒಂದೇ ದಾರಿ. ಶುಕ್ರವಾರದವರೆಗೆ ಗುಂಡಿ ಮುಚ್ಚಬೇಡಿ. ಆ ಮೂಲೆ ಮುಟ್ಟಬೇಡಿ. ಮುದುಕ ಗೊಣಗಿದರೆ ಅವನ ಅಜ್ಜಿಯ ಬಲವರ್ಧಕದ ವಿಷಯ ಎತ್ತಿ, ಸುಮ್ಮನಾಗುತ್ತಾನೆ.

ಕೆಲಸ ಬಿಟ್ಟೆ. ಕಾರ್ಖಾನೆಯ ಮೇಸ್ತ್ರಿ, "ಇದೂ ಬಿಟ್ಯಾ? ಎಲ್ಲೂ ಒಂದು ವರ್ಷ ನಿಲ್ಲಲ್ವಲ್ಲ ನೀನು" ಅಂದ. ಹೌದು ಅಂದೆ. ಬ್ಯೂಲಾ ತನ್ನ ಕತ್ತರಿ ಕೊಟ್ಟಳು, ನಲವತ್ತು ವರ್ಷದಲ್ಲಿ ಸವೆದದ್ದು. ಬೇರು ಕತ್ತರಿಸಲು ಆಗುತ್ತದೆ.

ನೀಲಿ ಕುಪ್ಪಿಯನ್ನು ತರುತ್ತೇನೆ. ಕೊಟ್ಟಿಗೆಯಲ್ಲಿ ಆ ಗೋಣಿಯ ಮೇಲೆ ಉಳಿದವುಗಳ ಪಕ್ಕ ಇಡುತ್ತೇನೆ. ಹೇಜನ್ ಅಪ್ಪಣೆ ತಂದವಳು ಗ್ಲೆನ್ನಾ, ಆದ್ದರಿಂದ ಮೊದಲ ಸರದಿ ಅವಳದು. ಅವಳು ಅದನ್ನೇ ಎತ್ತಿಕೊಂಡರೆ ನಾನು ಒಂದು ಮಾತೂ ಆಡುವುದಿಲ್ಲ. ಆಗ ನನ್ನ ಮುಖ ಹೇಗಿರುತ್ತದೋ ಅದಕ್ಕೆ ಮಾತ್ರ ನಾನು ಜವಾಬ್ದಾರಳಲ್ಲ, ನೀನು ಅವಳ ಕಡೆ ನೋಡಿಕೊಂಡಿರು. ಇಲ್ಲ, ಬೇಡ. ನನ್ನ ಕಡೆಯೇ ನೋಡು.

ಮೊದಲ ಸಲಿಕೆ ಹೇಗೂ ಆಗಿಹೋಯಿತು. ಕೊನೆಯದು ನನಗಿರಲಿ.

ಈ ಪತ್ರಕ್ಕಿಂತ ಮೊದಲೇ ನಾನು ಬಂದಿರಬಹುದು. ಆದರೂ ಬರೆದೆ. ಬರೆದು ಅಂಚೆಗೆ ಹಾಕಿಬಿಟ್ಟರೆ ಬಸ್ ನಿಲ್ದಾಣದಿಂದ ವಾಪಸ್ ಬರಲು ಆಗುವುದಿಲ್ಲ.

ನಾಳೆ ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಹೊರಡುತ್ತೇನೆ.

ಕೋರಿ